‘ಎ ಮರ್ಡರ್ ಈಸ್ ಅನೌನ್ಸ್ಡ್’ ಓದಿದೋರು ಬನ್ನಿ, ಇದನ್ನ ಬರೀ ಟೈಮ್‌ಪಾಸ್ ಅನ್ನೋರ ಜೊತೆ ಸ್ವಲ್ಪ ಮಾತಾಡ್ಬೇಕು

ರಾತ್ರಿ_ಓದುಗ:
ಅಗಾಥಾ ಕ್ರಿಸ್ಟಿ ಅಂದ್ರೆ ನಮ್ಮಲ್ಲಿ ಮಾತು ಅವರ ಪತ್ತೇದಾರ ಪೊಯ್ರೋ ಕಡೆಗೇ ಹೋಗುತ್ತೆ, ರೈಲಲ್ಲಿ ಕೊಲೆ, ನೈಲ್ ನದೀಲಿ ಕೊಲೆ, ಅಲ್ಲಿಗೆ ಮುಗೀತು. ಕೊಲೆ ಪತ್ತೆ ಮಾಡೋ ಮಿಸ್ ಮಾರ್ಪಲ್ ಪುಸ್ತಕ ಅಂದ ತಕ್ಷಣ ಹಳ್ಳಿ, ಟೀ, ಉಲ್ಲನ್ ಹೆಣೆಯೋ ಅಜ್ಜಿ, ಹಗುರ ಓದು ಅಂತ ಪಕ್ಕಕ್ಕಿಡ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. 1950ರಲ್ಲಿ ಬಂದ ಈ ಕಾದಂಬರಿನ ಇತ್ತೀಚೆಗೆ ಮತ್ತೆ ಓದಿದೆ (ಪ್ರಕಾಶಕರು ಇದನ್ನ ಕ್ರಿಸ್ಟಿಯ 50ನೇ ಪುಸ್ತಕ ಅಂತ ಪ್ರಚಾರ ಮಾಡಿದ್ರು), ಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನ ಭಯ ಇದರಲ್ಲಿ ಸಿಕ್ಕಷ್ಟು ನನಗೆ ಬೇರೆ ಕಡೆ ಸಿಕ್ಕಿಲ್ಲ.

ಕಥೆ ಗೊತ್ತಿಲ್ದೋರಿಗೆ: ಚಿಪ್ಪಿಂಗ್ ಕ್ಲೆಗ್‌ಹಾರ್ನ್ ಅಂತ ಒಂದು ಹಳ್ಳಿ, ಊರು ಕಾಲ್ಪನಿಕ. ಬೆಳಿಗ್ಗೆ ಪೇಪರ್ ಹುಡುಗ ಮನೆಮನೆಗೆ ಲೋಕಲ್ ಗೆಜೆಟ್ ಹಾಕಿ ಹೋಗ್ತಾನೆ, ಎಲ್ಲರೂ ಮೊದಲು ಓದೋದು ಜಾಹೀರಾತು ಕಾಲಂ, ಯಾಕಂದ್ರೆ ಯಾರು ಏನು ಮಾರ್ತಿದಾರೆ, ಯಾರ ಮನೆ ಕೆಲಸದೋರು ಬಿಟ್ಟುಹೋದ್ರು ಅನ್ನೋದೆಲ್ಲ ಅದರಲ್ಲೇ ಗೊತ್ತಾಗೋದು. ಅದರ ಮಧ್ಯ, ಇವತ್ತು ಅಕ್ಟೋಬರ್ 29 ಶುಕ್ರವಾರ ಸಂಜೆ 6.30ಕ್ಕೆ ಲಿಟ್ಲ್ ಪ್ಯಾಡಕ್ಸ್ ಅನ್ನೋ ಮನೇಲಿ ಒಂದು ಕೊಲೆ ನಡೆಯುತ್ತೆ ಅಂತ ಪ್ರಕಟಣೆ! ಮನೆ ಯಜಮಾನಿ ಮಿಸ್ ಬ್ಲ್ಯಾಕ್‌ಲಾಕ್ ತನಗೇನೂ ಗೊತ್ತಿಲ್ಲ ಅಂತಾಳೆ. ಊರಿನೋರು ಇದೇನೋ ಪಾರ್ಟಿ ಆಟ ಇರ್ಬೇಕು ಅಂದ್ಕೊಂಡು ಒಬ್ಬೊಬ್ಬರೂ ಒಂದೊಂದು ನೆಪ ಮಾಡ್ಕೊಂಡು ಸರಿಯಾಗಿ ಆ ಹೊತ್ತಿಗೆ ಬರ್ತಾರೆ. 6.30 ಆಗುತ್ತೆ, ದೀಪ ಆರುತ್ತೆ, ಬಾಗಿಲು ತೆರೆಯುತ್ತೆ, ಕಣ್ಣು ಕುಕ್ಕೋ ಟಾರ್ಚ್, ಗುಂಡಿನ ಸದ್ದು. ಬೆಳಕು ಬಂದಾಗ ಬಾಗಿಲ ಹತ್ರ ಒಬ್ಬ ಅಪರಿಚಿತ ಸತ್ತು ಬಿದ್ದಿರ್ತಾನೆ, ಮಿಸ್ ಬ್ಲ್ಯಾಕ್‌ಲಾಕ್ ಕಿವಿಯಿಂದ ರಕ್ತ.

ಓದಿದೋರು ಏನನ್ಸಿತು ಬರೀರಿ. ಒಂದೇ ವಿನಂತಿ, ಕೊಲೆಗಾರ ಯಾರು ಅಂತ ದಯವಿಟ್ಟು ಯಾರೂ ಹಾಕ್ಬೇಡಿ. ಉಳಿದ ಘಟನೆಗಳ ಬಗ್ಗೆ ಮಾತು ಬರುತ್ತೆ, ಅದೂ ಬೇಡ ಅನ್ನೋರು ಓದಿ ಮುಗಿಸಿ ಬನ್ನಿ.

ಧಾರವಾಡದ_ಪೇಡೆ:
ಪುಸ್ತಕ ಓದೇನ್ರಿ, ಓಡಿಸಿಕೊಂಡು ಹೋಗ್ತದ, ಅದರಾಗ ಎರಡು ಮಾತಿಲ್ಲ. ಆದ್ರ ನನ್ನ ತಕರಾರು ಹಳೇದು. ಪೇಪರ್‌ನಾಗ ಜಾಹೀರಾತು ಕೊಟ್ಟು ಕೊಲೆ ಯಾರು ಮಾಡ್ತಾರ? ಅಮೆರಿಕಾದ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ 1944ರಾಗ ಒಂದು ಲೇಖನ ಬರದಿದ್ದ, ಈ ಇಂಗ್ಲಿಷ್ ಮಾದರಿ ಪತ್ತೇದಾರಿ ಕಥಿಯೊಳಗ ಹೆಣ ಬೀಳೋದು ಬರೇ ಒಗಟು ಕಟ್ಟಲಿಕ್ಕೆ, ನಿಜವಾದ ಮನುಷ್ಯಾರು ನಿಜವಾದ ಕಾರಣಕ್ಕ ಮಾಡೋ ಕೊಲಿ ಅಲ್ಲ ಅದು, ಅನ್ನೋ ಅರ್ಥದಾಗ. ನನಗ ಅದು ಸರಿ ಅನ್ನಸ್ತದ. ಕೊಲಿ ಆಗ್ತದ, ಎಲ್ಲಾರೂ ಚಹಾ ಕುಡೀತಾರ, ಕೊನಿಗೆ ಎಲ್ಲಾ ಸುಸೂತ್ರ. ಸತ್ತಾಂವನ ಸಲುವಾಗಿ ಅಳವ್ರು ಯಾರು?

ರಾತ್ರಿ_ಓದುಗ:
ಪೇಡೆ ಸರ್, ಅಳೋರು ಇದಾರೆ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ‘ನಿಜವಾದ ಕಾರಣ’ದ ವಿಷಯ.

ಈ ಪುಸ್ತಕದಲ್ಲಿ ಮಿಸ್ ಮಾರ್ಪಲ್ ಇನ್ಸ್‌ಪೆಕ್ಟರ್ ಕ್ರಾಡಕ್‌ಗೆ ಒಂದು ಮಾತು ಹೇಳ್ತಾರೆ, ನನ್ನ ಪ್ರಕಾರ ಇಡೀ ಕಾದಂಬರಿ ನಿಂತಿರೋದೇ ಅದರ ಮೇಲೆ. ಹದಿನೈದು ವರ್ಷದ ಹಿಂದೆ ಹಳ್ಳೀಲಿ ಯಾರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಹೊಸಬರು ಯಾರಾದ್ರೂ ಬಂದ್ರೆ ಪರಿಚಯದೋರಿಂದ ಪತ್ರ ತಂದಿರೋರು, ಅವರಣ್ಣ ಯಾವ ರೆಜಿಮೆಂಟ್, ಅವರ ಚಿಕ್ಕಮ್ಮ ಯಾವೂರು ಅಂತ ಎಲ್ಲೋ ಒಂದು ಕೊಂಡಿ ಸಿಕ್ತಿತ್ತು. ಈಗ ದೊಡ್ಡ ಮನೆಗಳೆಲ್ಲ ಮಾರಾಟ ಆಗಿವೆ, ಎಲ್ಲೆಲ್ಲಿಂದಲೋ ಬಂದು ನೆಲೆಸಿದಾರೆ, ಇಂಡಿಯಾದಿಂದ, ಹಾಂಗ್‌ಕಾಂಗ್‌ನಿಂದ, ಚೀನಾದಿಂದ ಬಂದೋರು, ಅವರ ಬಗ್ಗೆ ನಮಗೆ ಗೊತ್ತಿರೋದು ಅವರು ತಮ್ಮ ಬಗ್ಗೆ ತಾವೇ ಹೇಳ್ಕೊಂಡಿದ್ದಷ್ಟೇ. ಸರಿಸುಮಾರು ಈ ಮಾತು. ‘ಇಂಡಿಯಾದಿಂದ’ ಅನ್ನೋದನ್ನ ನಾವು ಸುಮ್ನೆ ದಾಟಿ ಹೋಗೋಕಾಗಲ್ಲ. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂತು, ಇಲ್ಲಿ ನೌಕರಿ ಮಾಡ್ತಿದ್ದ ಎಷ್ಟೋ ಜನ ಬ್ರಿಟಿಷರು ವಾಪಸ್ ಹೋಗಿ ಇಂಥ ಹಳ್ಳಿಗಳಲ್ಲಿ ಕಾಟೇಜ್ ಹಿಡಿದು ಕೂತ್ರು. ಈ ಕಾದಂಬರೀಲೂ ಅಂಥ ಒಬ್ಬ ಕರ್ನಲ್ ಈಸ್ಟರ್‌ಬ್ರೂಕ್ ಇದಾನೆ, ಮಾತೆತ್ತಿದ್ರೆ ತನ್ನ ಇಂಡಿಯಾ ಅನುಭವ. ಆದ್ರೆ ಅವನು ಅಲ್ಲಿ ನಿಜವಾಗ್ಲೂ ಏನಾಗಿದ್ದ ಅಂತ ಆ ಊರಲ್ಲಿ ಯಾರು ಹೇಳ್ತಾರೆ?

ಇನ್ನು ಕ್ರಾಡಕ್‌ನ ಯೋಚನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಯುದ್ಧದ ಕಾಲದಲ್ಲಿ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟಿದ್ರು, 1939ರ ಕಾನೂನಿನ ಪ್ರಕಾರ, 1952ರವರೆಗೂ ಅದು ಜಾರೀಲಿತ್ತು. ಅದರಲ್ಲಿ ನಂಬರ್ ಇದೆ, ಆದ್ರೆ ಫೋಟೋ ಇಲ್ಲ, ಬೆರಳಚ್ಚೂ ಇಲ್ಲ. ಬಾಂಬ್ ಬಿದ್ದು ದಾಖಲೆ ಸುಟ್ಟುಹೋದ ಊರುಗಳು, ಸತ್ತೋರ ಚೀಟಿ, ಕಳೆದುಹೋದೋರ ಚೀಟಿ... ಸ್ವಲ್ಪ ಶ್ರಮ ಪಟ್ರೆ ಯಾರು ಬೇಕಾದ್ರೂ ಯಾರಾದ್ರೂ ಆಗ್ಬಹುದಿತ್ತು. ಈ ಕಾದಂಬರಿಯ ಕೊಲೆಗಳಿಗೆ ಕಾರಣ ಹುಟ್ಟೋದು ಆ ಸ್ಥಿತಿಯಿಂದಲೇ, ಅದಕ್ಕಿಂತ ಹೆಚ್ಚು ಹೇಳಿದ್ರೆ ಗುಟ್ಟು ಬಿಟ್ಟಂಗಾಗುತ್ತೆ. ಚಾಂಡ್ಲರ್ ಕೇಳಿದ ನಿಜವಾದ ಕಾರಣ ಇದಕ್ಕಿಂತ ಇನ್ನೇನು ಬೇಕು ಸರ್?

ಥೇಮ್ಸ್_ದಂಡೆ:
ನಾನು ಇಂಗ್ಲೆಂಡಲ್ಲಿ ಇರೋದು, ಕೆಲಸದ ಮೇಲೆ ಬಂದು ಇಲ್ಲೇ ಉಳ್ಕೊಂಡ್ವಿ, ಹಾಗಾಗಿ ಇಲ್ಲಿ ಹಳ್ಳಿ ಹೆಂಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಕಥೆ ಓದುವಾಗ ಸಹಾಯ ಆಗುತ್ತೆ. ಮಧ್ಯದಲ್ಲಿ ಹುಲ್ಲಿನ ಬಯಲು, ಅದನ್ನ ವಿಲೇಜ್ ಗ್ರೀನ್ ಅಂತಾರೆ, ಒಂದು ಚರ್ಚು, ಅದರ ಪಾದ್ರಿ (ವಿಕರ್) ಇರೋ ಮನೆ ವಿಕರೇಜ್, ಒಂದು ಪಬ್, ಒಂದು ಅಂಗಡಿ ಅದರಲ್ಲೇ ಪೋಸ್ಟಾಫೀಸು (ಈಗ ಎಷ್ಟೋ ಕಡೆ ಅದೂ ಮುಚ್ಚಿದೆ), ಊರಾಚೆ ಜಮೀನ್ದಾರರ ದೊಡ್ಡ ಮನೆ. ವಿಕರ್ ಹೆಂಡತಿಗೆ ಊರಿನ ಎಲ್ಲ ಸುದ್ದಿ ಗೊತ್ತಿರುತ್ತೆ. ಈ ಪುಸ್ತಕದಲ್ಲೂ ಮಿಸ್ ಮಾರ್ಪಲ್ ಊರೊಳಗೆ ಬರೋದು ವಿಕರ್ ಹೆಂಡತಿ ಬಂಚ್ ಮೂಲಕ, ಮಾರ್ಪಲ್ ಆಕೆಗೆ ಗಾಡ್‌ಮದರ್, ಅಂದ್ರೆ ಧರ್ಮತಾಯಿ.

ಇನ್ನೊಂದು ವಿಷಯ, ಅವತ್ತು ಸಂಜೆ ಲಿಟ್ಲ್ ಪ್ಯಾಡಕ್ಸ್‌ಗೆ ಬಂದೋರೆಲ್ಲ ಓ ನೀವು ಸೆಂಟ್ರಲ್ ಹೀಟಿಂಗ್ (ಇಡೀ ಮನೆ ಬೆಚ್ಚಗೆ ಮಾಡೋ ವ್ಯವಸ್ಥೆ) ಹಚ್ಚಿದೀರಲ್ಲ ಅಂತಾರೆ. ನಮಗೆ ಅದು ಸುಮ್ನೆ ಉಭಯಕುಶಲೋಪರಿ ಥರ ಕಾಣುತ್ತೆ. ಆದ್ರೆ ಆಗ ಇಲ್ಲಿ ಕಲ್ಲಿದ್ದಲಿಗೂ ರೇಷನ್, ಅದು 1958ರ ತನಕ ಇತ್ತು. ಅಕ್ಟೋಬರ್‌ನಲ್ಲೇ ಮನೆ ಬೆಚ್ಚಗೆ ಮಾಡ್ಕೊಂಡಿರೋದು ಎಲ್ಲರ ಕಣ್ಣಿಗೆ ಬೀಳೋ ವಿಷಯ. ಆವತ್ತು ಯಾಕೆ ಕೋಣೆಯ ಬೆಂಕಿಗೂಡು ಉರೀತಿಲ್ಲ, ಯಾಕೆ ಹೀಟಿಂಗ್ ಹಾಕಿದಾರೆ ಅಂತ ಓದೋರು ಯೋಚನೆ ಮಾಡ್ಬೇಕು, ಕ್ರಿಸ್ಟಿ ಅದನ್ನ ನಮ್ಮ ಕಣ್ಣೆದುರಿಗೇ ಇಟ್ಟಿದಾರೆ. ಬ್ರೆಡ್ಡಿಗೆ ಯುದ್ಧ ನಡೀವಾಗ ರೇಷನ್ ಇರ್ಲಿಲ್ಲ, ಮುಗಿದ ಮೇಲೆ 1946ರಲ್ಲಿ ಬಂತು, 1948ರಲ್ಲಿ ಹೋಯ್ತು. ಮಾಂಸಕ್ಕೆ 1954ರ ತನಕ. ಗೆದ್ದ ದೇಶದ ಸ್ಥಿತಿ ಇದು.

ಮಲ್ಲಿಗೆ_ಮೊಗ್ಗು:
ಅದಕ್ಕೇ ಅಲ್ವಾ ಆ ಊರಲ್ಲಿ ಬೆಣ್ಣೆ, ತರಕಾರಿ ಎಲ್ಲ ಗುಟ್ಟಾಗಿ ಕೊಟ್ಟು ತಗೊಳ್ಳೋದು! ಗುರುವಾರ ಒಂದು ಫಾರ್ಮ್‌ನಲ್ಲಿ ಬೆಣ್ಣೆ ತೆಗೀತಾರೆ, ಬೇಕಾದೋರಿಗೆ ಸ್ವಲ್ಪ ಸಿಗುತ್ತೆ, ಕಾನೂನಿಗೆ ವಿರುದ್ಧ ಆದ್ರೆ ಊರೇ ಅದರಲ್ಲಿದೆ. ಯಾರ ಮನೆ ಬಾಗಿಲೂ ಹಾಕಿರಲ್ಲ, ಒಬ್ಬರ ಮನೆಗೆ ಇನ್ನೊಬ್ಬರು ಬಂದು ಸಾಮಾನಿಟ್ಟು ಹೋಗ್ತಿರ್ತಾರೆ. ಪೊಲೀಸರಿಗೆ ತಲೆನೋವು ಅದೇ, ಯಾರು ಬೇಕಾದ್ರೂ ಒಳಗೆ ಹೋಗಿ ಏನು ಬೇಕಾದ್ರೂ ಮಾಡಿರ್ಬಹುದು, ಸದ್ದಾಗದ ಹಾಗೆ ಬಾಗಿಲ ತಿರುಗಣಿಗೆ ಎಣ್ಣೆ ಹಾಕೋದೂ ಸೇರಿ.

ಹೊಸಬ_72:
ನಮಸ್ಕಾರ ಎಲ್ರಿಗೂ, ನಾನು ಕನ್ನಡ ಪತ್ತೇದಾರಿ ಕಾದಂಬರಿ ಓದಿ ಬೆಳೆದೋನು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಂದ್ರೆ ಪ್ರಾಣ. ಇಂಗ್ಲಿಷ್ ಸ್ವಲ್ಪ ನಿಧಾನ. ಇದರಿಂದಲೇ ಶುರು ಮಾಡ್ಬಹುದಾ ಅಥವಾ ಮಾರ್ಪಲ್ ಮೊದಲನೇ ಪುಸ್ತಕದಿಂದ ಓದ್ಬೇಕಾ?

ರಾತ್ರಿ_ಓದುಗ:
ಧಾರಾಳವಾಗಿ ಇದರಿಂದಲೇ ಶುರು ಮಾಡಿ, ಒಂದಕ್ಕೊಂದು ಸಂಬಂಧ ಇಲ್ಲ. ಮಾರ್ಪಲ್ ಮೊದಲು ಬಂದಿದ್ದು 1927ರಲ್ಲಿ ಒಂದು ಸಣ್ಣ ಕಥೇಲಿ, ಆಮೇಲೆ 1930ರಲ್ಲಿ ‘ದಿ ಮರ್ಡರ್ ಅಟ್ ದಿ ವಿಕರೇಜ್’, ಒಟ್ಟು 12 ಕಾದಂಬರಿ. ಭಾಷೆ ಸರಳ, ಮಾತುಕತೆ ಜಾಸ್ತಿ. ಒಂದೇ ಕಷ್ಟ ಅಂದ್ರೆ ಶುರುವಿನಲ್ಲೇ ಮನೆಮನೆಗೆ ಪೇಪರ್ ಬೀಳೋ ಅಧ್ಯಾಯದಲ್ಲಿ ಒಟ್ಟಿಗೆ ತುಂಬ ಹೆಸರು ಬರುತ್ತೆ, ಒಂದು ಚೀಟೀಲಿ ಯಾವ ಮನೇಲಿ ಯಾರು ಅಂತ ಬರ್ಕೊಂಡು ಓದಿ.

ಫಾರ್ಮಸಿ_ಅಕ್ಕ:
ನಾನು ಆಸ್ಪತ್ರೆ ಫಾರ್ಮಸೀಲಿ ಕೆಲಸ ಮಾಡ್ತೀನಿ, ಕ್ರಿಸ್ಟಿ ನಮ್ಮೋರು ಅನ್ನೋ ಅಭಿಮಾನ ನನಗೆ. ಮೊದಲನೇ ಮಹಾಯುದ್ಧದಲ್ಲಿ ಟಾರ್ಕಿ ಊರಿನ ಆಸ್ಪತ್ರೇಲಿ ನರ್ಸ್ ಆಗಿದ್ರು, ಆಮೇಲೆ ಔಷಧ ವಿಭಾಗಕ್ಕೆ ಬಂದು ಪರೀಕ್ಷೆ ಪಾಸು ಮಾಡಿದ್ರು, ಎರಡನೇ ಯುದ್ಧದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಹಾಸ್ಪಿಟಲ್‌ನಲ್ಲಿ ಮತ್ತೆ ಅದೇ ಕೆಲಸ. ಅವರ ಪುಸ್ತಕದಲ್ಲಿ ವಿಷ ಬಂದ್ರೆ ಅಂದಾಜಿನ ಮೇಲೆ ಬರೆದಿದ್ದಲ್ಲ. 1961ರ ಒಂದು ಕಾದಂಬರೀಲಿ ಥಾಲಿಯಂ ವಿಷದ ಲಕ್ಷಣ ಎಷ್ಟು ಕರಾರುವಾಕ್ಕಾಗಿ ಬರೆದಿದ್ರು ಅಂದ್ರೆ, 1977ರಲ್ಲಿ ಲಂಡನ್ನಿನಲ್ಲಿ ಡಾಕ್ಟರಿಗೆ ಕಾಯಿಲೆ ಗೊತ್ತಾಗದೇ ಇದ್ದ ಒಂದು ಮಗುವಿನ ಕೂದಲು ಉದುರ್ತಿರೋದು ನೋಡಿ, ಆ ಪುಸ್ತಕ ಓದ್ತಿದ್ದ ನರ್ಸ್ ಥಾಲಿಯಂ ಇರ್ಬಹುದಾ ಅಂದ್ರು, ಅದೇ ಆಗಿತ್ತು, ಮಗು ಉಳೀತು.

ಪೇಡೆ ಸರ್ ಮಾತಿಗೆ ಬಂದ್ರೆ, ಸಣ್ಣ ಊರಿನ ಮರ್ಯಾದಸ್ಥರು ಕೊಲೆ ಮಾಡಲ್ಲ ಅನ್ನೋದು ಸುಳ್ಳು. ವೇಲ್ಸ್ ಗಡಿಯ ಹೇ ಅನ್ನೋ ಪೇಟೇಲಿ ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಅಂತ ವಕೀಲ ಇದ್ದ. 1921ರಲ್ಲಿ ಹೆಂಡತಿ ಸತ್ಲು, ಯಾರಿಗೂ ಸಂಶಯ ಇಲ್ಲ. ಅದೇ ಬೀದೀಲಿ ಅವನ ಪ್ರತಿಸ್ಪರ್ಧಿ ವಕೀಲ ಮಾರ್ಟಿನ್, ಅವನನ್ನ ಟೀಗೆ ಕರೆದು ತಾನೇ ಕೈಯಾರೆ ಒಂದು ಸ್ಕೋನ್ (ಟೀ ಜೊತೆ ತಿನ್ನೋ ಸಣ್ಣ ಬನ್ನು) ತಟ್ಟೆಗಿಟ್ಟ, ಕೈಯಲ್ಲಿ ಕೊಟ್ಟಿದ್ದಕ್ಕೆ ಕ್ಷಮಿಸಿ ಅಂತಾನೂ ಅಂದ್ನಂತೆ. ಮಾರ್ಟಿನ್ ಮನೆಗೆ ಹೋಗಿ ವಾಂತಿ ಮಾಡ್ಕೊಂಡು ಮಲಗಿದ. ಮಾರ್ಟಿನ್‌ನ ಮಾವ ಆ ಊರಿನ ಕೆಮಿಸ್ಟ್, ಆರ್ಮ್‌ಸ್ಟ್ರಾಂಗ್ ಕಳೆ ಕೊಲ್ಲೋಕೆ ಅಂತ ಆರ್ಸೆನಿಕ್ ತಗೊಂಡಿದ್ದು ಅವರಿಗೆ ಗೊತ್ತು, ಅವರಿಗೇ ಮೊದಲು ಅನುಮಾನ ಬಂದಿದ್ದು. ಪೊಲೀಸರು ಗುಟ್ಟಾಗಿ ತನಿಖೆ ನಡೆಸೋ ಅಷ್ಟು ದಿನವೂ ಆರ್ಮ್‌ಸ್ಟ್ರಾಂಗ್ ಮತ್ತೆ ಮತ್ತೆ ಟೀಗೆ ಬಾ ಅಂತ ಕರೀತಾನೇ ಇದ್ದ, ಮಾರ್ಟಿನ್ ಒಂದೊಂದು ಸಲಾನೂ ಒಂದೊಂದು ನೆಪ ಹೇಳ್ಬೇಕು, ಸಂಶಯ ತೋರಿಸೋ ಹಾಗಿಲ್ಲ! ಆಮೇಲೆ ಹೆಂಡತಿ ಹೆಣ ತೆಗೆಸಿ ನೋಡಿದ್ರೆ ಆರ್ಸೆನಿಕ್. 1922ರ ಮೇ 31ಕ್ಕೆ ಗಲ್ಲಿಗೇರಿಸಿದ್ರು. ಇದು ಕಥೆ ಅಲ್ಲ, ನಡೆದಿದ್ದು.

ಧಾರವಾಡದ_ಪೇಡೆ:
ಅಕ್ಕಾರ, ಟೀಗೆ ಕರದ್ರ ಬ್ಯಾಡ ಅನ್ನಲಿಕ್ಕೆ ಆಗದ ಪರಿಸ್ಥಿತಿ ಓದಿ ಮೈ ಜುಂ ಅಂತು. ಮರ್ಯಾದಿಗೆ ಅಂಜಿ ಮನುಷ್ಯಾ ವಿಷಾ ತಿನ್ನೂ ಪ್ರಸಂಗ ಅದು. ಸರಿ, ಮರ್ಯಾದಸ್ಥರೂ ಮಾಡ್ತಾರ ಅಂತ ಒಪ್ಪಿದೆ. ಆದ್ರ ನಾ ಕೇಳಿದ್ದ ಇನ್ನೊಂದು ಪ್ರಶ್ನೆಗೆ ಉತ್ತರ ಬಂದಿಲ್ಲ, ಅಳವ್ರು ಯಾರು?

ರಾತ್ರಿ_ಓದುಗ:
ಬರ್ತೀನಿ ಸರ್. ಇಲ್ಲಿಂದ ಮುಂದೆ ಎರಡನೇ ಮೂರನೇ ಸಾವಿನ ವಿಷಯ ಇದೆ, ಹೊಸಬ ಅವರೇ ನೀವು ಇದನ್ನ ಬಿಟ್ಟು ಮುಂದಕ್ಕೆ ಹೋಗಿ.

ಮಿಸ್ ಬ್ಲ್ಯಾಕ್‌ಲಾಕ್ ಜೊತೆ ಡೋರಾ ಬನ್ನರ್ ಅಂತ ಹಳೇ ಶಾಲೆ ಗೆಳತಿ ಇರ್ತಾಳೆ. ಬಡತನದಲ್ಲಿ ಒಂಟಿಯಾಗಿ ಬೇಯ್ತಿದ್ದೋಳು, ಗೆಳತಿ ಕರೆಸಿ ಇಟ್ಕೊಂಡಿದಾಳೆ. ಸ್ವಲ್ಪ ಮರೆವು, ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಸಕ್ಕರೆ ಬೆಣ್ಣೆ ಸಿಗದ ಆ ಕಾಲದಲ್ಲೂ ಅಡುಗೆ ಹುಡುಗಿ ಮಿಟ್ಜಿ ಒಂದು ಚಾಕೊಲೇಟ್ ಕೇಕ್ ಮಾಡ್ತಾಳೆ, ಅದಕ್ಕೆ ‘ಡಿಲಿಷಸ್ ಡೆತ್’ (ರುಚಿಯಾದ ಸಾವು) ಅಂತ ಮನೇಲಿ ಹೆಸರು. ಎಲ್ಲರೂ ಬಂದು ತಿಂದು ಹಾರೈಸ್ತಾರೆ, ಬಡಪಾಯಿಗೆ ಅಂಥ ಸಂತೋಷ ಎಷ್ಟೋ ವರ್ಷದಿಂದ ಸಿಕ್ಕಿರಲ್ಲ. ಆಮೇಲೆ ತಲೆನೋವು ಅಂತ ಆಸ್ಪಿರಿನ್ ತಗೊಂಡು ಮಲಗ್ತಾಳೆ, ಮತ್ತೆ ಏಳಲ್ಲ. ಪೂರ್ತಿ ಓದಿದ ಮೇಲೆ ಆ ಪಾರ್ಟಿ ದೃಶ್ಯ ಒಂದು ಸಲ ತಿರುಗಿ ಓದಿ ನೋಡಿ, ಅಲ್ಲಿರೋ ಪ್ರೀತಿ ನಾಟಕ ಅಲ್ಲ, ನಿಜವಾದ ಪ್ರೀತಿ, ಅದೇ ನನ್ನನ್ನ ಹೆಚ್ಚು ಕಾಡಿದ್ದು.

ಮೂರನೇದು ಮಿಸ್ ಮರ್ಗಟ್ರಾಯ್ಡ್. ಹಿಂಚ್‌ಕ್ಲಿಫ್ ಮತ್ತು ಮರ್ಗಟ್ರಾಯ್ಡ್ ಇಬ್ಬರೂ ಒಂದೇ ಕಾಟೇಜಲ್ಲಿ ಕೋಳಿ, ಹಂದಿ ಸಾಕ್ಕೊಂಡು ಇರೋರು. ಆವತ್ತು ದೀಪ ಆರಿದಾಗ ಎಲ್ಲರ ಕಣ್ಣಿಗೂ ಟಾರ್ಚ್ ಬೆಳಕು ಹೊಡೀತು, ಏನೂ ಕಾಣ್ಲಿಲ್ಲ. ಮರ್ಗಟ್ರಾಯ್ಡ್ ಮಾತ್ರ ಬಾಗಿಲ ಹಿಂದೆ ಇದ್ಲು, ಅವಳಿಗೆ ಆ ಟಾರ್ಚ್ ಬೆಳಕಲ್ಲೇ ಕೋಣೆ ಕಾಣುತ್ತೆ. ಯಾರ ಮೇಲೆ ಬೆಳಕು ಬಿತ್ತು ಅಂತ ನೆನಪು ಮಾಡ್ಕೋತಾ ಹೋದ್ರೆ ಯಾರು ಅಲ್ಲಿ ಇರ್ಲಿಲ್ಲ ಅಂತ ಗೊತ್ತಾಗ್ಬೇಕು, ಅದು ಗೊತ್ತಾಗೋ ಹೊತ್ತಿಗೆ ಹಿಂಚ್ ಕಾರಲ್ಲಿ ಹೊರಟಾಗಿರುತ್ತೆ, ಇವಳು ಕೂಗಿ ಹೇಳ್ತಾಳೆ, ಅವಳಿಗೆ ಸರಿಯಾಗಿ ಕೇಳ್ಸಲ್ಲ. ಆಮೇಲೆ ಮಳೆ ಬಂತು ಅಂತ ಒಣಗಿಹಾಕಿದ ಬಟ್ಟೆ ತೆಗೆಯೋಕೆ ಹೋಗ್ತಾಳೆ, ಅಲ್ಲೇ ಕೊಲೆ. ಹಿಂಚ್ ವಾಪಸ್ ಬಂದು ಅವಳನ್ನ ನೋಡೋ ಜಾಗ ಕ್ರಿಸ್ಟಿ ಅರ್ಧ ಪುಟದಲ್ಲಿ ಮುಗಿಸ್ತಾರೆ, ಗೋಳಾಟ ಇಲ್ಲ, ಕೊಂದೋರು ಸಿಕ್ಕಿದ್ರೆ ಅನ್ನೋ ಒಂದು ಒಣ ಸಿಟ್ಟು ಅಷ್ಟೇ. ಅದು ಕಣ್ಣೀರಿಗಿಂತ ಕಡಿಮೆ ಅಂತ ನನಗೆ ಅನ್ಸಲ್ಲ ಪೇಡೆ ಸರ್.

ಮತ್ತೆ ‘ಎಲ್ಲಾ ಸುಸೂತ್ರ’ ಅಂದ್ರಲ್ಲ, 1950ರ ಇಂಗ್ಲೆಂಡಲ್ಲಿ ಕೊಲೆ ಸಾಬೀತಾದ್ರೆ ಶಿಕ್ಷೆ ಗಲ್ಲು. 1965ರಲ್ಲಿ ಅದನ್ನ ತಡೆಹಿಡಿದ್ರು, 1969ರಲ್ಲಿ ಕಾಯಂ ಆಗಿ ತೆಗೆದ್ರು. ಅಂದ್ರೆ ಮಾರ್ಪಲ್ ಬೆರಳು ತೋರಿಸಿದ ಮೇಲೆ ಇನ್ನೊಂದು ಜೀವ ಹೋಗುತ್ತೆ, ಅದು ಆ ಅಜ್ಜಿಗೂ ಗೊತ್ತು, ಆಗಿನ ಓದುಗರಿಗೂ ಗೊತ್ತು. ಅದನ್ನ ಮರೆತು ಓದಿದ್ರೆ ಹಗುರ ಅನ್ಸೋದು ಸಹಜ.

ಮಲ್ಲಿಗೆ_ಮೊಗ್ಗು:
ಮರ್ಗಟ್ರಾಯ್ಡ್ ವಿಷಯ ನೆನಪಿಸಿಬಿಟ್ರಿ, ನನಗೂ ಅಲ್ಲೇ ಹೊಟ್ಟೆ ಕಿವುಚಿದ್ದು. ಆದ್ರೆ ನೀವು ಒಬ್ಬಳನ್ನ ಬಿಟ್ಟಿದೀರ, ಅದಕ್ಕೆ ನನಗೆ ಬೇಜಾರು. ಮಿಟ್ಜಿ. ಯುರೋಪಿಂದ ತಪ್ಪಿಸ್ಕೊಂಡು ಬಂದ ನಿರಾಶ್ರಿತೆ, ಮನೆಯೋರನ್ನ ಕೊಂದಿದ್ದು ಕಣ್ಣಾರೆ ನೋಡಿದೋಳು ಅಂತ ಅವಳೇ ಹೇಳ್ತಾಳೆ. ಅಷ್ಟಾದ್ರೂ ಊರಿನೋರಿಗೆಲ್ಲ ಅವಳು ಸುಳ್ಳಿ, ಕಿರುಚಾಡೋಳು, ಪೊಲೀಸ್ ಬಂದ್ರೆ ನಡುಗಿದ್ರೂ ಅದನ್ನ ತಮಾಷೆ ಥರ ನೋಡ್ತಾರೆ. ಪುಸ್ತಕವೂ ಎಷ್ಟೋ ಕಡೆ ಅವರ ಜೊತೆ ಸೇರ್ಕೊಂಡು ನಗುತ್ತೆ, ಯುದ್ಧ ಮುಗಿದು ಐದು ವರ್ಷ ಆಗಿಲ್ಲ ಇನ್ನೂ. ಇಂಗ್ಲಿಷ್ ಹಳ್ಳಿ ಹೊಸಬರನ್ನ ನಂಬಲ್ಲ ಅನ್ನೋದು ಕಥೆಯ ವಿಷಯ ಅಂತೀರಿ, ಸರಿ, ಆದ್ರೆ ಕ್ರಿಸ್ಟಿಯೂ ಆ ಹಳ್ಳಿಯೋರೇ ಅನ್ನೋದನ್ನ ಒಪ್ಕೋಬೇಕು.

ಥೇಮ್ಸ್_ದಂಡೆ:
ಒಪ್ತೀನಿ. ಇಲ್ಲಿರೋ ನಾನಂತೂ ಒಪ್ಪಲೇಬೇಕು. ಪಕ್ಕದ ಮನೆಯೋರು ಎಷ್ಟೇ ಒಳ್ಳೇಯೋರಾದ್ರೂ ಮೊದಮೊದಲು ಇವರು ಎಲ್ಲಿಂದ ಬಂದ್ರು ಅನ್ನೋ ನೋಟ ಇದ್ದೇ ಇರುತ್ತೆ. ಆದ್ರೆ ಒಂದು ಗಮನಿಸಿ ಮೇಡಂ, ಕೊನೇಲಿ ಕೊಲೆಗಾರರನ್ನ ಬಲೆಗೆ ಬೀಳಿಸೋ ಯೋಜನೇಲಿ ಜೀವ ಪಣಕ್ಕಿಟ್ಟು ನಿಲ್ಲೋದು ಅದೇ ಮಿಟ್ಜಿ. ಮಾರ್ಪಲ್ ಅವಳನ್ನ ಕೂರಿಸಿ ಮಾತಾಡಿ ಒಪ್ಪಿಸ್ತಾರೆ.

ಮಲ್ಲಿಗೆ_ಮೊಗ್ಗು:
ಅದು ಸರಿ, ಆದ್ರೆ ಧೈರ್ಯ ತೋರಿಸಿದ ಮೇಲೆ ಮಾತ್ರ ಮರ್ಯಾದೆ ಅನ್ನೋದು ನನಗೆ ಸಾಲದು. ಮನೆಯೋರನ್ನ ಕಳ್ಕೊಂಡು ಬಂದೋಳು ಭಯ ಪಟ್ರೆ ಅದನ್ನ ಭಯ ಅಂತ್ಲೇ ಬರೀಬಹುದಿತ್ತು.

ರಾತ್ರಿ_ಓದುಗ:
ಇದಕ್ಕೆ ನಾನು ವಾದ ಮಾಡಲ್ಲ. ಪುಸ್ತಕದ ದೊಡ್ಡ ಕೊರತೆ ಅದೇ.

ಧಾರವಾಡದ_ಪೇಡೆ:
ನಾ ಇವತ್ತ ಮತ್ತ ಮೊದಲಿಂದ ಓದ್ಲಿಕ್ಕೆ ಹಿಡಿದೇನ್ರಿ, ನಿಮ್ಮ ಮಾತು ಕೇಳಿ. ಒಗಟಿನ ವಿಷಯದಾಗ ಮಾತ್ರ ಕ್ರಿಸ್ಟಿಗೆ ಕೈ ಮುಗೀಬೇಕು. 1929ರಾಗ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ ಪತ್ತೇದಾರಿ ಕಥಿಗೆ ಹತ್ತು ನಿಯಮ ಮಾಡಿದ್ದ, ಯಾರಿಗೂ ಗೊತ್ತಿಲ್ಲದ ವಿಷಾ ತರಬಾರದು, ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಓದುಗರಿಗೂ ತೋರಿಸಬೇಕು, ಹಿಂಗ. ಇಲ್ಲೆ ದೀಪದ ಸುಳಿವು ನೋಡ್ರಿ, ಕುರುಬರ ಹುಡುಗಿ ಬೊಂಬಿ ಇದ್ದ ಒಂದು ದೀಪ, ಅದರ ಜೋಡಿ ಇನ್ನೊಂದು, ವಾಯರ್, ಹೂದಾನಿ ನೀರು, ಎಲ್ಲಾ ಮೊದಲ ಹೇಳಿಬಿಟ್ಟಾರ. ವಿಕರ್ ಮನಿ ಬೆಕ್ಕು ಟಿಗ್ಲಾತ್ ಪಿಲೇಸರ್ ಮಾಡೋ ಕಿತಾಪತಿ ನೋಡಿ ಮಾರ್ಪಲ್‌ಗೆ ಹೊಳೀತದ, ನಮಗ ಹೊಳೆಯೂದಿಲ್ಲ. ಡೋರಾ ಬನ್ನರ್ ಆಡೋ ತಪ್ಪು ಮಾತು ಒಂದೊಂದೂ ಸುಳಿವು, ಇದೀಗ ಎರಡನೇ ಸಲ ಓದೂ ಮುಂದ ಗೊತ್ತಾಗ್ಲಿಕ್ಕತ್ತದ. ಪಾಪ, ಅಕಿ ಖರೇನ ಹೇಳಲಿಕ್ಕತ್ತಾಳ, ಕೇಳವ್ರಿಲ್ಲ.

ಫಾರ್ಮಸಿ_ಅಕ್ಕ:
ಟಿವಿ ನೋಡೋರಿಗೆ: ಬಿಬಿಸಿಯ ಹಳೇ ಸರಣಿ ನೋಡಿ, 1984ರಿಂದ 1992ರವರೆಗೆ ಬಂದಿದ್ದು, ಜೋನ್ ಹಿಕ್ಸನ್ ಮಾರ್ಪಲ್. ಮಾತು ಕಮ್ಮಿ, ಎದುರಿನೋರನ್ನ ನೋಡ್ತಾ ಕೂರೋ ರೀತಿಯಲ್ಲೇ ನಮಗೂ ಸ್ವಲ್ಪ ಭಯ ಆಗುತ್ತೆ. ಮಾರ್ಪಲ್ ಊರು ಸೇಂಟ್ ಮೇರಿ ಮೀಡ್‌ಗೆ ಹ್ಯಾಂಪ್‌ಶೈರ್‌ನ ನೆದರ್ ವ್ಯಾಲಪ್ ಅನ್ನೋ ಹಳ್ಳೀಲಿ ಶೂಟಿಂಗ್ ಮಾಡಿದ್ರು. 1997ರಿಂದ ನಡೀತಿರೋ ‘ಮಿಡ್ಸಮರ್ ಮರ್ಡರ್ಸ್’ ಕೂಡ ಹಳ್ಳಿ ಕೊಲೆಗಳೇ, ನೋಡೋಕೆ ಚೆನ್ನಾಗಿದೆ, ಆದ್ರೆ ಅಲ್ಲಿ ಹೆಣ ಬೀಳೋ ವೇಗಕ್ಕೆ ಸತ್ತೋರ ಹೆಸರು ನೆನಪಲ್ಲಿ ನಿಲ್ಲಲ್ಲ.

ಹೊಸಬ_72:
ಚೀಟೀಲಿ ಹೆಸರು ಬರ್ಕೊಂಡು ಐದು ಅಧ್ಯಾಯ ಓದಿದೆ. ಹೋಟೆಲ್ ಗುಮಾಸ್ತ ರೂಡಿ ಶೆರ್ಟ್ಸ್ ಸತ್ತಿದಾನೆ, ಇನ್ಸ್‌ಪೆಕ್ಟರ್ ಬಂದಿದಾನೆ, ಮಾರ್ಪಲ್ ಎಲ್ಲಿ ಸರ್, ಇನ್ನೂ ಬಂದೇ ಇಲ್ವಲ್ಲ? ನನಗೆ ಆಗಲೇ ಕರ್ನಲ್ ಮೇಲೆ ಅನುಮಾನ.

ರಾತ್ರಿ_ಓದುಗ:
ಬರ್ತಾರೆ, ಇನ್ನು ಸ್ವಲ್ಪ ಮುಂದೆ ಹೋಗಿ. ಆ ಗುಮಾಸ್ತ ಕೆಲಸ ಮಾಡ್ತಿದ್ದ ಹೋಟೆಲಲ್ಲೇ ಮಾರ್ಪಲ್ ಸಂಧಿವಾತಕ್ಕೆ ಚಿಕಿತ್ಸೆ ತಗೊಳ್ತಾ ಉಳ್ಕೊಂಡಿದಾರೆ, ಒಂದು ಚೆಕ್ ವಿಷಯಕ್ಕೆ ಪೊಲೀಸರಿಗೆ ಪತ್ರ ಬರೀತಾರೆ, ಅಲ್ಲಿಂದ ಅವರ ಪ್ರವೇಶ. ಕರ್ನಲ್ ಬಗ್ಗೆ ನಾನೇನೂ ಹೇಳಲ್ಲ. ಮುಗಿಸಿ ಬನ್ನಿ, ಆಮೇಲೆ ‘ದಿ ಮೂವಿಂಗ್ ಫಿಂಗರ್’ ಶುರು ಮಾಡೋಣ, ಊರಿಗೆಲ್ಲ ಹೆಸರಿಲ್ಲದ ಹೊಲಸು ಪತ್ರ ಬರೋ ಕಥೆ. ಪೇಡೆ ಸರ್, ಮೇಡಂ, ನೀವೂ ಇರ್ಬೇಕು, ಅದರಲ್ಲೂ ಜಗಳಕ್ಕೆ ಬೇಕಾದಷ್ಟಿದೆ.

ಧಾರವಾಡದ_ಪೇಡೆ:
ಇರ್ತೇನ್ರಿ. ಮೊದಲ ಇದನ್ನ ಮುಗಸ್ತೇನಿ, ಹಿಂಚ್ ಕಾರ್ ಹತ್ತಿ ಹೊಂಟಾಳ ಈಗ.